ಮೂರು ಮಳೆಗಾಲ ಓಡಿದ ಡ್ರೈವ್: ಸಿಆರ್‌ಸಿ ಗಟ್ಟಿ, ಟೈಮ್‌ಔಟ್ ಮಾತ್ರ ನೀವೇ ಹಾಕಿಕೊಳ್ಳಿ

ತೀರ್ಥಹಳ್ಳಿ ಹತ್ತಿರ ನಮ್ಮದು ಕುಚ್ಚಲಕ್ಕಿ ಮಿಲ್ಲು. ಬೇಯಿಸಿದ ಭತ್ತ ಒಣಗಿಸುವ ಡ್ರೈಯರ್‌ನ ಬ್ಲೋವರ್‌ಗೆ ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಈ ಡ್ರೈವ್ ಹಾಕಿ ಮೂರು ಮಳೆಗಾಲ ಆಯಿತು. 7.5 ಎಚ್‌ಪಿ ಮೋಟರ್. ಯಂತ್ರಗಳಿಗೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ. ಅದರಿಂದ ಡ್ರೈವ್‌ಗೆ ಆರ್‌ಎಸ್-485 ಸೀರಿಯಲ್ ವೈರ್, ಸಂದೇಶ ಕಳಿಸುವ ನಿಯಮ ಮಾಡ್‌ಬಸ್ ಆರ್‌ಟಿಯು, ಸಂದೇಶದ ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್).

ಮೊದಲು 0-10 ವೋಲ್ಟ್ ಸಿಗ್ನಲ್‌ನಲ್ಲಿ ವೇಗ ಹೇಳುತ್ತಿದ್ದೆವು. ವೈರ್ 60 ಮೀಟರ್ ಉದ್ದ. ಎಲಿವೇಟರ್ ಮೋಟರ್ ಶುರುವಾದರೆ ಸಾಕು, ಬ್ಲೋವರ್ ವೇಗ ಏರಿಳಿಯುತ್ತಿತ್ತು. ವೈರ್‌ನಲ್ಲಿ ಹೊಕ್ಕ ಗದ್ದಲವೂ ಡ್ರೈವ್‌ಗೆ ವೋಲ್ಟೇಜೇ ಅಲ್ವಾ?

ಸೀರಿಯಲ್‌ಗೆ ಬಂದ ಮೇಲೆ ಗದ್ದಲದಿಂದ ಒಂದು ದಿನವೂ ತಪ್ಪು ವೇಗದಲ್ಲಿ ಓಡಿಲ್ಲ. ಅದು ಸಿಆರ್‌ಸಿ, ಅಂದರೆ ಸಂದೇಶ ಕೆಟ್ಟಿದೆಯಾ ಎಂದು ನೋಡುವ ಲೆಕ್ಕದ ಕೆಲಸ. ಪ್ರತಿ ಸಂದೇಶದ ಕೊನೆಗೆ 16 ಬಿಟ್‌ನ ಲೆಕ್ಕವೊಂದು ಬರುತ್ತದೆ. ಡ್ರೈವ್ ಅದೇ ಲೆಕ್ಕವನ್ನು ತಾನೂ ಹಾಕುತ್ತದೆ. ತಾಳೆಯಾಗದಿದ್ದರೆ ಸಂದೇಶ ಕಸಕ್ಕೆ. ಬರೀ ಪ್ಯಾರಿಟಿ (ಪ್ರತಿ ಬೈಟ್‌ಗೆ ಸೇರಿಸುವ ಒಂದು ತಪಾಸಣೆ ಬಿಟ್) ನಂಬಿದರೆ ಒಂದೇ ಬೈಟ್‌ನಲ್ಲಿ ಎರಡು ಬಿಟ್ ತಿರುಗಿದ್ದು ಗೊತ್ತೇ ಆಗುವುದಿಲ್ಲ. ಸಿಆರ್‌ಸಿ ಸಾಲಾಗಿ 16 ಬಿಟ್ ಕೆಟ್ಟರೂ ಹಿಡಿಯುತ್ತದೆ.

ಆದರೆ ಕಸಕ್ಕೆ ಹಾಕಿದೆ ಎಂದು ಡ್ರೈವ್ ಹೇಳುವುದಿಲ್ಲ. ಉತ್ತರ ಕೊಡದೆ ಸುಮ್ನೆ ಇರುತ್ತದೆ. ಮಾಡ್‌ಬಸ್ ನಿಯಮವೇ ಹಾಗೆ. ಉತ್ತರ ಬರದಿದ್ದರೆ ಮತ್ತೆ ಕೇಳುವುದು ಪಿಎಲ್‌ಸಿಯ ಕೆಲಸ. ಸಂದೇಶವೇ ಬರದಿದ್ದರೆ ಏನು ಮಾಡಬೇಕು ಅನ್ನುವುದು ಡ್ರೈವ್‌ನ ಟೈಮ್‌ಔಟ್ ಸೆಟ್ಟಿಂಗ್‌ಗೆ ಬಿಟ್ಟಿದ್ದು. ನಮ್ಮ ಡ್ರೈವ್‌ನಲ್ಲಿ ಕಂಪನಿಯಿಂದಲೇ ಅದು 0, ಅಂದರೆ ಬಂದ್ ಆಗಿತ್ತು. ಮೊದಲ ವರ್ಷ ಆಷಾಢದ ಥಂಡಿಗೆ ಟರ್ಮಿನಲ್ ಕಿಲುಬು ಹಿಡಿದು ವೈರ್ ಬಿಟ್ಟುಕೊಂಡಿತು. ಪಿಎಲ್‌ಸಿ ನಿಲ್ಲು ಅಂದಿತ್ತು, ಡ್ರೈವ್‌ಗೆ ಕೇಳಲಿಲ್ಲ. ಕೊನೆಗೆ ಬಂದಿದ್ದ ವೇಗದಲ್ಲೇ ಬೆಳಗಿನವರೆಗೆ ಓಡಿತು. ಭತ್ತ ಅತಿಯಾಗಿ ಒಣಗಿ ನುಚ್ಚು ಜಾಸ್ತಿ ಬಂತು. ಇಷ್ಟು ದೊಡ್ಡ ವಿಷಯ ಮ್ಯಾನ್ಯುವಲ್‌ನ ಪ್ಯಾರಾಮೀಟರ್ ಪಟ್ಟಿಯಲ್ಲಿ ಒಂದು ಸಾಲು! ನನಗೆ ಇವತ್ತಿಗೂ ಸಿಟ್ಟಿದೆ.

ಈಗ 2 ಸೆಕೆಂಡ್ ಟೈಮ್‌ಔಟ್ ಇಟ್ಟಿದ್ದೇನೆ. ಅಷ್ಟರಲ್ಲಿ ಸರಿಯಾದ ಸಂದೇಶ ಬರದಿದ್ದರೆ ಬ್ಲೋವರ್ ನಿಲ್ಲುತ್ತದೆ.

ಇಟ್ಟ ಹೊಸತರಲ್ಲಿ ಆಗಾಗ ಟ್ರಿಪ್ ಆಗಿ ಬ್ಲೋವರ್ ನಿಲ್ಲುತ್ತಿತ್ತು. ತಪ್ಪು ನಮ್ಮ ವೈರಿಂಗ್‌ನದು. ಸಂದೇಶದ ವೈರನ್ನು ಮೋಟರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆದಿದ್ದೆವು. ಬೇರೆ ದಾರಿಯಲ್ಲಿ ಶೀಲ್ಡ್ ಇರುವ ಹೆಣೆದ ಜೋಡಿ ವೈರ್ ಎಳೆದು, ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದ ಮೇಲೆ ಟ್ರಿಪ್ ನಿಂತಿತು. ಮಳೆ ಶುರುವಾಗುವ ಮೊದಲು ಟರ್ಮಿನಲ್ ಬಿಚ್ಚಿ ಒರೆಸಿ ಮತ್ತೆ ಬಿಗಿ ಮಾಡುತ್ತೇನೆ.

ಬಾಯ್ಲರ್ ಫ್ಯಾನ್‌ಗೂ ಇದೇ ಡ್ರೈವ್ ತಂದಿದ್ದೇವೆ. ಪೆಟ್ಟಿಗೆ ಬಿಚ್ಚಿದ ದಿನವೇ ಟೈಮ್‌ಔಟ್ ಹಾಕಿ, ಓಡುತ್ತಿರುವಾಗ ವೈರ್ ಕಿತ್ತು ನೋಡಿದೆ. ನಿಂತಿತು.