ಹಳದಿ ಜೆನ್ಷಿಯನ್ ಎಂದುಕೊಂಡು ನಾನು ಅಗಿದ ಎಲೆ

ಈ ಬೇಸಿಗೆಯಲ್ಲಿ ಆಲ್ಪ್ಸ್ ಕಡೆ ಚಾರಣ ಹೊರಟಿರುವವರು ಇದನ್ನೊಮ್ಮೆ ಓದಿಕೊಂಡು ಹೊರಡಿ. ಹೇಳಿಕೊಳ್ಳಲು ನಾಚಿಕೆಯೇ ಆಗುತ್ತದೆ. ಕಳೆದ ಜೂನ್ ಕೊನೆಯಲ್ಲಿ ನಾನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಕಾರಣ, ಹೆಬ್ಬೆರಳಿನ ಉಗುರಿನಷ್ಟು ಎಲೆ.

ಸ್ವಿಟ್ಜರ್ಲೆಂಡಿನ ಬರ್ನೀಸ್ ಓಬರ್‌ಲ್ಯಾಂಡ್‌ನ ಒಂದು ಹುಲ್ಲುಗಾವಲು ಇಳಿಜಾರು. ಬೆಳಗಿನಿಂದ ಜೆನ್ಷಿಯನ್ ಎಂಬ ಬೆಟ್ಟದ ಗಿಡದ ನೀಲಿ ಹೂಗಳ ಫೋಟೊ ತೆಗೆಯುತ್ತಾ ಬಂದಿದ್ದೆ. ಮೊಬೈಲ್ ಆ್ಯಪ್‌ಗೆ ತೋರಿಸುವುದು, ಹೆಸರು ಬರುವುದು, ಮುಂದೆ ನಡೆಯುವುದು. ದೊಡ್ಡ ಕಹಳೆಯಂಥ ಹೂ ಕಂಡಾಗಲೆಲ್ಲ ಅದು 'ಜೆನ್ಷಿಯಾನಾ ಅಕೌಲಿಸ್' ಎಂದಿತು. ನಮ್ಮ ಜೊತೆಗಿದ್ದ ಸ್ವಿಸ್ ಹಿರಿಯರೊಬ್ಬರು ಮಂಡಿಯೂರಿ ಒಂದು ಹೂವನ್ನು ಮೆಲ್ಲಗೆ ಓರೆಮಾಡಿ, "ಇದು ಸುಣ್ಣಕಲ್ಲಿನ ಬೆಟ್ಟ, ಇಲ್ಲಿ ಇರೋದು ಕ್ಲೂಸಿಯೈ" ಎಂದರು. ಎರಡೂ ನೀಲಿ ಜೆನ್ಷಿಯನ್ನೇ, ಜಾತಿ ಬೇರೆ. ಅಕೌಲಿಸ್‌ಗೆ ಸುಣ್ಣ ಆಗದು, ಗ್ರಾನೈಟ್‌ನಂಥ ಹುಳಿ ನೆಲ ಬೇಕು. ಅದರ ಕೊಳವೆಯೊಳಗೆ ಹಸಿರು ಚುಕ್ಕೆಗಳ ಪಟ್ಟಿಗಳಿರುತ್ತವೆ. ಕ್ಲೂಸಿಯೈ ಒಳಗೆ ಅವು ಇರುವುದಿಲ್ಲ, ಇದ್ದರೂ ತೀರಾ ಮಸುಕು. ಹೂವಿನ ಬುಡದ ಹಸಿರು ಬಟ್ಟಲಿನ ಹಲ್ಲುಗಳನ್ನೂ ತೋರಿಸಿದರು. ಕ್ಲೂಸಿಯೈನಲ್ಲಿ ಅವು ನೇರ ತ್ರಿಕೋನ, ಹೂವಿಗೆ ಒತ್ತಿಕೊಂಡಿರುತ್ತವೆ. ಅಕೌಲಿಸ್‌ನಲ್ಲಿ ಬುಡದ ಹತ್ತಿರ ಸೊಂಟ ಸಣ್ಣಗಾಗಿ, ಹಲ್ಲುಗಳ ನಡುವೆ ಬಿಳಿ ಪೊರೆ ಕಾಣುತ್ತದೆ. ನನ್ನ ಫೋಟೊಗಳೆಲ್ಲ ನೆತ್ತಿಯ ಮೇಲಿಂದ ತೆಗೆದವು. ಬಟ್ಟಲು ಒಂದರಲ್ಲೂ ಇಲ್ಲ. ಪುಟ್ಟ ನಕ್ಷತ್ರದ ಹೂಗಳಾದ ವೆರ್ನಾ, ಬವಾರಿಕಾಗಳದೂ ಇದೇ ಕತೆ: ನೆಲಕ್ಕಂಟಿದ ಎಲೆಗಳು ಕಾಂಡದ ಎಲೆಗಳಿಗಿಂತ ದೊಡ್ಡದಾಗಿದ್ದರೆ ವೆರ್ನಾ, ಎಲ್ಲವೂ ಸರಿಸುಮಾರು ಒಂದೇ ಅಳತೆಯ ಗುಂಡು ಎಲೆಯಾದರೆ ಬವಾರಿಕಾ. ಮೇಲಿಂದ ನೋಡಿದರೆ ಎರಡೂ ನೀಲಿ ನಕ್ಷತ್ರವೇ.

ಅಲ್ಲಿಗೇ ಬುದ್ಧಿ ಬರಬೇಕಿತ್ತು. ನಾನೋ, ಹೆಸರು ತಪ್ಪಿದರೆ ಯಾರ ಗಂಟೇನು ಹೋಯಿತು ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರದ, ಅಗಲ ಎಲೆಯ ಗಿಡಗಳ ಗುಂಪು ಸಿಕ್ಕಿತು. ಹೂ ಇನ್ನೂ ಬಿಟ್ಟಿರಲಿಲ್ಲ. ಆ್ಯಪ್ 'ಜೆನ್ಷಿಯಾನಾ ಲೂಟಿಯಾ' ಎಂದಿತು, ಅಂದರೆ ಹಳದಿ ಜೆನ್ಷಿಯನ್. ಇಲ್ಲಿನ ಎನ್ಝಿಯಾನ್ ಸಾರಾಯಿ ಇದರ ಬೇರಿನದು (ಬಾಟಲಿಯ ಮೇಲೆ ಮಾತ್ರ ಎಷ್ಟೋ ಸಲ ನೀಲಿ ಹೂವಿನ ಚಿತ್ರ ಹಾಕಿರುತ್ತಾರೆ, ಅದೊಂದು ಮೋಸ). ಕಹಿಗೆ ಹೆಸರಾದ ಗಿಡ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಜ್ಜಿ ಕಿರಾತಕಡ್ಡಿ ಕಷಾಯ ಕುಡಿಸುತ್ತಿದ್ದರು. ಅದೂ ಇದೇ ಕುಟುಂಬದ್ದು ಎಂದು ಎಲ್ಲೋ ಓದಿದ್ದೆ. ಅದೇ ಕಹಿಯೇ ಎಂದು ನೋಡುವ ಆಸೆಯಾಯಿತು. ಎಲೆಯ ಚೂರು ಮುರಿದು ಅಗಿದೆ, ಸ್ವಲ್ಪ ರಸ ನುಂಗಿಯೂ ಬಿಟ್ಟೆ.

ನಾಲಿಗೆ ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು. ಮುಕ್ಕಾಲು ಗಂಟೆಯೊಳಗೆ ವಾಂತಿ ಶುರು. ಕಣ್ಣು ಕತ್ತಲೆ ಬಂದು ಬಂಡೆಗೆ ಒರಗಿದೆ. "ರೀ, ಏನು ತಿಂದ್ರಿ?" ಎಂದು ಹೆಂಡತಿ ಕೇಳಿದಾಗ ಬೆರಳು ತೋರಿಸುವಷ್ಟೇ ಶಕ್ತಿ. ಸ್ವಿಸ್ ಹಿರಿಯರು ಗಿಡ ನೋಡಿದವರೇ, "ಗೆರ್ಮರ್!" ಎಂದು ಫೋನ್ ತೆಗೆದರು. ಆಸ್ಪತ್ರೆಯಲ್ಲಿ ನಾಡಿ ನಲವತ್ತರ ಆಸುಪಾಸಿನಲ್ಲಿತ್ತು, ರಕ್ತದೊತ್ತಡವೂ ಇಳಿದಿತ್ತು. ನಾಡಿ ಏರಿಸುವ ಅಟ್ರೋಪಿನ್ ಚುಚ್ಚುಮದ್ದು, ಡ್ರಿಪ್, ರಾತ್ರಿಯಿಡೀ ಎದೆಗೆ ತಂತಿಗಳು.

ನಾನು ಅಗಿದದ್ದು ವೆರಾಟ್ರಮ್ ಆಲ್ಬಮ್. ಹಿರಿಯರು ಜರ್ಮನ್ ಭಾಷೆಯಲ್ಲಿ 'ಗೆರ್ಮರ್' ಎಂದದ್ದು ಇದನ್ನೇ. ಗಿಡವಿಡೀ ವಿಷ, ಬೇರಂತೂ ಇನ್ನೂ ಹೆಚ್ಚು. ಮನೆಯಲ್ಲಿ ಜೆನ್ಷಿಯನ್ ಸಾರಾಯಿ ಮಾಡಲು ಹೋಗಿ ಇದರ ಬೇರು ಅಗೆದು ಆಸ್ಪತ್ರೆ ಸೇರಿದವರು ಯುರೋಪಿನಲ್ಲಿ ಬಹಳ ಮಂದಿ ಇದ್ದಾರೆ. ಎರಡೂ ಒಂದೇ ಹುಲ್ಲುಗಾವಲಿನಲ್ಲಿ ಅಕ್ಕಪಕ್ಕ ಬೆಳೆಯುತ್ತವೆ.

ವ್ಯತ್ಯಾಸ ನಮ್ಮ ಹಿತ್ತಿಲಿನ ಭಾಷೆಯಲ್ಲಿ ಹೇಳುತ್ತೇನೆ. ಹಳದಿ ಜೆನ್ಷಿಯನ್ ಎಲೆ ತುಳಸಿಯ ಹಾಗೆ ಎದುರುಬದುರು, ಜೋಡಿ ಜೋಡಿ. ವೆರಾಟ್ರಮ್ ಎಲೆ ದಾಸವಾಳದ ಹಾಗೆ ಒಂದರ ಮೇಲೊಂದು, ಕಾಂಡ ಸುತ್ತಿಕೊಂಡು ಏರುತ್ತದೆ. ಜೆನ್ಷಿಯನ್ ಎಲೆ ನೀಲಿ ಬೆರೆತ ಹಸಿರು, ನುಣುಪು, ಬಿಲ್ಲಿನಂತೆ ಬಾಗಿದ ಕೆಲವೇ ದಪ್ಪ ನರಗಳು. ವೆರಾಟ್ರಮ್‌ನದು ನೆರಿಗೆ ಹಿಡಿದ ಸೀರೆಯಂತೆ, ಒತ್ತೊತ್ತಾದ ನರಗಳು, ಅಡಿಭಾಗದಲ್ಲಿ ಸಣ್ಣ ರೋಮ. ಕಾಂಡ ಏಳುವ ಮೊದಲು, ನೆಲದಿಂದ ಎಲೆ ಚಿಗುರುವಾಗ, ಜೋಡಿಯೋ ಅಲ್ಲವೋ ತಿಳಿಯುವುದೇ ಕಷ್ಟ. ಆಗ ಕೈಯನ್ನೂ ಹಾಕಬೇಡಿ. ಹೂ ಬಂದ ಮೇಲೆ ಚಿಂತೆಯಿಲ್ಲ: ಜೆನ್ಷಿಯನ್ ಹಳದಿ, ವೆರಾಟ್ರಮ್ ಹಸಿರು ಬೆರೆತ ಬಿಳಿ.

"ಹಸು ಮುಟ್ಟದ್ದನ್ನ ನೀವು ಬಾಯಿಗೆ ಹಾಕ್ಕೊಳ್ತೀರಲ್ಲ" ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಹಸು ಎರಡನ್ನೂ ಬಿಡುತ್ತದೆ, ಹಾಗಾಗಿ ಅದೂ ಗುರುತಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿದ್ದರೆ ವಿಷದ ಅನುಮಾನಕ್ಕೆ 145, ಆಂಬ್ಯುಲೆನ್ಸ್‌ಗೆ 144. ಗಿಡದ ಫೋಟೊ ಪಕ್ಕದಿಂದ, ಕಾಂಡ ಕಾಣುವಂತೆ ತೆಗೆದು ಜೊತೆಗೊಯ್ಯಿರಿ. ಗಿಡಗಳನ್ನು ಸರಿಯಾಗಿ ಕಲಿಯಬೇಕೆಂದರೆ ಇಂಟರ್‌ಲಾಕೆನ್ ಬಳಿಯ ಶೀನಿಗೆ ಪ್ಲಾಟೆಗೆ ಹಲ್ಲುಕಂಬಿ ರೈಲಿನಲ್ಲಿ ಹೋಗಿ. ಸುಮಾರು 2,000 ಮೀಟರ್ ಎತ್ತರದಲ್ಲಿ ಹೆಸರಿನ ಪಟ್ಟಿ ನೆಟ್ಟಿರುವ ಆಲ್ಪೈನ್ ಗಿಡಗಳ ತೋಟವಿದೆ. ಜುಲೈನಲ್ಲಿ ನಾವೂ ಹೋಗಿ ಬಂದೆವು. ಪಟ್ಟಿ ಓದುವ ಮೊದಲೇ ಕಾಂಡದ ಬಳಿ ಬಗ್ಗಿ ನೋಡಿದೆ. ಜೋಡಿ ಎಲೆ. ಕೈ ಮಾತ್ರ ಜೇಬಿನಲ್ಲೇ ಇತ್ತು.