ಟೊರೊಂಟೊ ಸಂಗೀತ ಕಛೇರಿಗೆ ಯಾವ ಸೇತುವೆ? ಮೂರನ್ನೂ ದಾಟಿ ನೋಡಿದ ಮೇಲೆ

ನಾವಿರುವುದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ. ಒಳ್ಳೆಯ ಹಿಂದೂಸ್ತಾನಿ ಕಛೇರಿ ಕೇಳಬೇಕು ಅಂದರೆ ಹೆಚ್ಚಿನ ಸಲ ಟೊರೊಂಟೊಗೇ ಹೋಗಬೇಕು. ದೂರ ಸುಮಾರು 270 ಕಿಲೋಮೀಟರ್. ವಾರಾಂತ್ಯಕ್ಕೆ ಅದೇನೂ ದೊಡ್ಡದಲ್ಲ. ಆದರೆ ಮಧ್ಯೆ ನಯಾಗರಾ ನದಿ ಇದೆ, ಆಚೆ ದಡ ಕೆನಡಾ.

ಈ ಕಡೆ ಕಾರಿನಲ್ಲಿ ನದಿ ದಾಟಲು ನಾಲ್ಕು ಸೇತುವೆಗಳಿವೆ. ವರ್ಲ್‌ಪೂಲ್ ರ‍್ಯಾಪಿಡ್ಸ್ ಸೇತುವೆ ನೆಕ್ಸಸ್ ಕಾರ್ಡ್ (ಮೊದಲೇ ತಪಾಸಣೆ ಮಾಡಿ, ಗಡಿ ಬೇಗ ದಾಟಲು ಕೊಡುವ ಕಾರ್ಡ್) ಇದ್ದವರಿಗೆ ಮಾತ್ರ, ಅದೂ ಕಾರಿನಲ್ಲಿ ಕೂತ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ನಮ್ಮಿಬ್ಬರ ಹತ್ತಿರವೂ ಇಲ್ಲ. ಉಳಿದದ್ದು ರೇನ್‌ಬೋ, ಪೀಸ್, ಲೂಯಿಸ್ಟನ್–ಕ್ವೀನ್ಸ್‌ಟನ್. ಮೂರು ಕಛೇರಿಗಳ ನೆಪದಲ್ಲಿ ಮೂರನ್ನೂ ದಾಟಿದ್ದೇವೆ. ಇವರು ಡ್ರೈವ್ ಮಾಡುತ್ತಾರೆ, ನಾನು ಪಕ್ಕದಲ್ಲಿ ಕೂತು ದಾರಿ ನೋಡುತ್ತೇನೆ. ಯಾವ ಸೇತುವೆ ಅಂತ ಹೇಳುವುದು ನನ್ನ ಕೆಲಸ.

ಮೊದಲ ಸಲ ನಾನು ಹೇಳಿದ್ದು ರೇನ್‌ಬೋ. ಜುಲೈ ತಿಂಗಳ ಶನಿವಾರ, ಕಛೇರಿ ರಾತ್ರಿ ಏಳೂವರೆಗೆ. ಮಧ್ಯಾಹ್ನ ಒಂದಕ್ಕೆ ಹೊರಟರೂ ಬೇಕಾದಷ್ಟು ಹೊತ್ತಿದೆ, ಹಾಗೇ ಜಲಪಾತವನ್ನೂ ನೋಡಿದ ಹಾಗಾಗುತ್ತದೆ ಅಂದುಕೊಂಡೆ. 1941ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆ ಜಲಪಾತದ ಪಕ್ಕದಲ್ಲೇ ಇದೆ. ಲಾರಿಗಳನ್ನು ಬಿಡುವುದಿಲ್ಲ. ಲಾರಿ ಇಲ್ಲ ಅಂದರೆ ಬೇಗ ದಾಟಬಹುದು ಅನ್ನುವುದು ನನ್ನ ಲೆಕ್ಕವಾಗಿತ್ತು. ಜಲಪಾತಕ್ಕೆ ಬಂದ ಪ್ರವಾಸಿಗರೆಲ್ಲ ಇದೇ ಸೇತುವೆಗೆ ಬರುತ್ತಾರೆ ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ. ಒಂದೂಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ಆಚೆ ಹೋದ ಮೇಲೆ ಹೆದ್ದಾರಿಯಲ್ಲೂ ಸೇಂಟ್ ಕ್ಯಾಥರೀನ್ಸ್ ತನಕ ಕಾರುಗಳು ತೆವಳುತ್ತಿದ್ದವು.

ಸಭಾಂಗಣ ಮುಟ್ಟಿದಾಗ ಎಂಟೂ ಇಪ್ಪತ್ತು. ರಾಗದ ನಡುವೆ ಒಳಗೆ ಬಿಡುವುದಿಲ್ಲ, ಅದು ಸರಿಯಾದ ನಿಯಮವೇ. ಮುಚ್ಚಿದ ಬಾಗಿಲ ಹೊರಗೆ ಇಬ್ಬರೂ ನಿಂತೆವು. ಸಿತಾರ್ ಕೇಳಿಸುತ್ತಲೇ ಇರಲಿಲ್ಲ. ತಬಲಾದ ಎಡದ ಗುಂಯ್ ಅನ್ನುವ ದನಿ ಮಾತ್ರ ಬಾಗಿಲು ದಾಟಿ ಬರುತ್ತಿತ್ತು. ಆಲಾಪ ಪೂರ್ತಿ ಹೋಗಿತ್ತು. ತಿಂಗಳಿಂದ ಕಾದಿದ್ದೆ, ಕಣ್ಣಲ್ಲಿ ನೀರು ಬಂತು. ಇವರು ಏನೂ ಅನ್ನಲಿಲ್ಲ, ಸುಮ್ನೆ ಕೈ ಹಿಡಿದುಕೊಂಡರು.

ಎರಡನೆಯ ಸಲ ಪೀಸ್ ಸೇತುವೆ. ಅಕ್ಟೋಬರ್, ಶುಕ್ರವಾರ ಸಂಜೆ ಕೆಲಸ ಮುಗಿಸಿಕೊಂಡೇ ಹೊರಟೆವು. ಕಛೇರಿ ಇದ್ದದ್ದು ಮರುದಿನ. ಪೀಸ್ ಸೇತುವೆ ಬಫಲೋದಿಂದ ಫೋರ್ಟ್ ಈರಿಗೆ ಹೋಗುತ್ತದೆ. ಎರಡು ದೇಶಗಳ ನಡುವಿನ ನೂರು ವರ್ಷದ ಶಾಂತಿಯ ನೆನಪಿಗೆ ಆ ಹೆಸರು, 1927ರಲ್ಲಿ ತೆರೆದದ್ದು. ಮೂರೇ ಲೇನ್. ನಡುವಿನ ಲೇನನ್ನು ವಾಹನ ಯಾವ ಕಡೆಗೆ ಜಾಸ್ತಿ ಇದೆಯೋ ಆ ಕಡೆಗೆ ಬಿಡುತ್ತಾರೆ. ಲಾರಿಗಳೂ ಇದರ ಮೇಲೇ ಬರುತ್ತವೆ. ಎರಡು ದೊಡ್ಡ ಟ್ರೇಲರ್‌ಗಳ ನಡುವೆ ನಮ್ಮ ಸಣ್ಣ ಕಾರು, ಗಾಳಿಗೆ ಒಂಚೂರು ಅಲುಗಾಡುತ್ತಿತ್ತು. ಕಾದದ್ದು ಮೂವತ್ತೈದು ನಿಮಿಷ. ಎಡಗಡೆ ಈರಿ ಸರೋವರದ ಮೇಲೆ ಸೂರ್ಯ ಮುಳುಗುತ್ತಿದ್ದ.

ಪೀಸ್ ಸೇತುವೆಯ ದೊಡ್ಡ ಅನುಕೂಲ ಇಳಿದ ಮೇಲೆ ಗೊತ್ತಾಗುತ್ತದೆ. ಟೊರೊಂಟೊಗೆ ಹೋಗುವ ಕ್ಯೂಇಡಬ್ಲ್ಯೂ ಹೆದ್ದಾರಿ ಶುರುವಾಗುವುದೇ ಅಲ್ಲಿಂದ. ತಿರುವು ಹುಡುಕುವ ಕೆಲಸವೇ ಇಲ್ಲ. ಹೊಸದಾಗಿ ಹೋಗುವವರಿಗೆ, ಕತ್ತಲಲ್ಲಿ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅಲ್ಲಿಂದ ಇನ್ನೂ 160 ಕಿಲೋಮೀಟರ್ ಇರುತ್ತದೆ, ಮತ್ತು ಬಫಲೋದಲ್ಲಿ ಫುಟ್‌ಬಾಲ್ ಪಂದ್ಯವಿರುವ ದಿನ ಆ ಕಡೆ ತಲೆ ಹಾಕಬೇಡಿ.

ಮೂರನೆಯದು ಲೂಯಿಸ್ಟನ್. ಮೇ ತಿಂಗಳ ಶನಿವಾರ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟೆವು. ಗ್ರ್ಯಾಂಡ್ ಐಲ್ಯಾಂಡ್ ದಾಟಿ ಐ-190ರಲ್ಲಿ ನೇರ ಹೋದರೆ ರಸ್ತೆಯೇ ಸೇತುವೆಗೆ ತಂದು ಬಿಡುತ್ತದೆ. ಎಡಗಡೆ ನದಿಯ ಎರಡೂ ದಡದಲ್ಲಿ ಎದುರುಬದುರಾಗಿ ಎರಡು ವಿದ್ಯುತ್ ಕೇಂದ್ರಗಳು, ಒಂದು ಅಮೆರಿಕದ್ದು, ಒಂದು ಕೆನಡಾದ್ದು. ನೋಡಲು ಅದಕ್ಕಿಂತ ಹೆಚ್ಚೇನಿಲ್ಲ. ಹಾಗಾಗಿಯೇ ಇಲ್ಲಿ ಪ್ರವಾಸಿಗರ ಕಾರು ಕಡಿಮೆ. ಹತ್ತು ನಿಮಿಷದಲ್ಲಿ ಆಚೆ ದಡದಲ್ಲಿದ್ದೆವು. ಸಣ್ಣ 405 ರಸ್ತೆ ಹಿಡಿದರೆ ನಯಾಗರಾ ಊರಿನ ಗದ್ದಲಕ್ಕೆ ಸಿಗದೆ ಕ್ಯೂಇಡಬ್ಲ್ಯೂ ಸೇರುತ್ತೀರಿ. ಹೋಗುವಾಗ ನನ್ನ ಆಯ್ಕೆ ಇದೇ, ಎರಡನೇ ಮಾತಿಲ್ಲ. ಅದೇ ಸೇತುವೆಯಲ್ಲಿ ಭಾನುವಾರ ಸಂಜೆ ಐದಕ್ಕೆ ವಾಪಸ್ ಬರುವಾಗ ಮಾತ್ರ ಐವತ್ತು ನಿಮಿಷ ಕಾದಿದ್ದೇವೆ. ಅದು ಹಿಂದಿನ, ಅಂದರೆ ಅಕ್ಟೋಬರ್ ಪ್ರವಾಸದಲ್ಲಿ.

ಇಲ್ಲಿ ಒಂದು ಮಾತು. ಸೇತುವೆಯನ್ನು ಮನೆಯಲ್ಲೇ ತೀರ್ಮಾನಿಸಿ ಬಿಡಬೇಡಿ. ಐ-90ರಿಂದ ಐ-290ಕ್ಕೆ ಬಂದು, ಅದು ಐ-190 ಸೇರುವ ಜಾಗದಲ್ಲಿ ದಾರಿ ಎರಡಾಗುತ್ತದೆ. ದಕ್ಷಿಣಕ್ಕೆ ಹೋದರೆ ಪೀಸ್, ಉತ್ತರಕ್ಕೆ ಹೋದರೆ ರೇನ್‌ಬೋ ಮತ್ತು ಲೂಯಿಸ್ಟನ್. ಎರಡೂ ದೇಶಗಳ ಗಡಿ ಇಲಾಖೆಯವರು ಯಾವ ಸೇತುವೆಯಲ್ಲಿ ಎಷ್ಟು ಹೊತ್ತು ಕಾಯಬೇಕು ಅಂತ ಆನ್‌ಲೈನ್‌ನಲ್ಲಿ ಹಾಕುತ್ತಿರುತ್ತಾರೆ. ಆ ಕೂಡು ರಸ್ತೆಗೆ ಹತ್ತು ನಿಮಿಷ ಮೊದಲು ಪಕ್ಕದಲ್ಲಿ ಕೂತವರು ಅದನ್ನು ನೋಡಿ ಹೇಳಿದರೆ ಸಾಕು.

ಗಡಿಯಲ್ಲಿ ಕೇಳುವುದು ಮೂರೂ ಕಡೆ ಅದೇ ಪ್ರಶ್ನೆ. ಎಲ್ಲಿಗೆ, ಯಾಕೆ, ಎಷ್ಟು ದಿನ. ನಾವು ಪಾಸ್‌ಪೋರ್ಟ್‌ಗಳನ್ನು ಕವರ್‌ನಿಂದ ತೆಗೆದು, ಗ್ರೀನ್ ಕಾರ್ಡ್ ಜೊತೆ ಮೊದಲೇ ಕೈಯಲ್ಲಿ ಇಟ್ಟುಕೊಂಡಿರುತ್ತೇವೆ. ಹಿಂದಿನ ಕಿಟಕಿಗಳನ್ನೂ ಇಳಿಸುತ್ತೇವೆ. 2022ರ ಏಪ್ರಿಲ್‌ನಿಂದ ಗ್ರೀನ್ ಕಾರ್ಡ್ ಜೊತೆಗೆ ಅವಧಿ ಮುಗಿಯದ ಪಾಸ್‌ಪೋರ್ಟ್ ಕಡ್ಡಾಯ. ಎಚ್‌-1ಬಿ ಕೆಲಸದ ವೀಸಾದಲ್ಲಿರುವ ಭಾರತೀಯರಿಗೆ ಕೆನಡಾ ವೀಸಾ ಬೇಕೇ ಬೇಕು. ಟಿಕೆಟ್ ತೆಗೆಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಹೆದ್ದಾರಿ ಸೇರಿದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಹೋಗುವುದರ ಲಾಭ ಒಂದಿದೆ. ಬರ್ಲಿಂಗ್ಟನ್ ಮತ್ತು ಓಕ್‌ವಿಲ್ ನಡುವೆ ಕ್ಯೂಇಡಬ್ಲ್ಯೂನ ಎಡ ತುದಿಯ ಲೇನ್‌ನಲ್ಲಿ ವಜ್ರದ ಗುರುತು ಇರುತ್ತದೆ. ಕಾರಿನಲ್ಲಿ ಇಬ್ಬರಿದ್ದರೆ ಆ ಲೇನ್ ದುಡ್ಡಿಲ್ಲದೆ ಬಳಸಬಹುದು. ಬೋರ್ಡಿನ ಮೇಲಿನ ವೇಗ ಕಿಲೋಮೀಟರ್‌ನಲ್ಲಿ ಅನ್ನುವುದು ನೆನಪಿರಲಿ, 100 ಅಂದರೆ 62 ಮೈಲಿ.

ಊರೊಳಗೆ ಕಾರು ತೆಗೆದುಕೊಂಡು ಹೋಗಬೇಕಾ ಅನ್ನುವುದನ್ನೂ ನೋಡಿದ್ದೇವೆ. ಬೇಡ. ಬರ್ಲಿಂಗ್ಟನ್‌ನಲ್ಲಿ ‘ಗೋ’ ಅನ್ನುವ ಸ್ಥಳೀಯ ರೈಲಿನ ಸ್ಟೇಷನ್ನಿನಲ್ಲಿ ಪುಕ್ಕಟೆ ನಿಲ್ಲಿಸಿ ರೈಲು ಹತ್ತಿ. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು ಸಬ್‌ವೇಯಲ್ಲಿ ಎರಡನೇ ನಿಲ್ದಾಣ ಕ್ವೀನ್, ಅಲ್ಲಿಂದ ಮ್ಯಾಸಿ ಹಾಲ್‌ಗೆ ನಡೆದು ಹೋಗಬಹುದು. 1894ರ ಆ ಹಾಲ್ ದುರಸ್ತಿಯಾಗಿ 2021ರಲ್ಲಿ ಮತ್ತೆ ತೆರೆಯಿತು. ಅಕ್ಟೋಬರ್‌ನಲ್ಲಿ ನಾವು ಅರ್ಧ ಗಂಟೆ ಮೊದಲೇ ಹೋಗಿ ಕೂತು ಹಳೆಯ ಬಣ್ಣದ ಗಾಜಿನ ಕಿಟಕಿಗಳನ್ನು ನೋಡುತ್ತಾ, ತಂಬೂರಿ ಶ್ರುತಿ ಮಾಡುವುದನ್ನು ಮೊದಲ ತಂತಿಯಿಂದ ಕೇಳಿದೆವು. ಆಲಾಪದ ಮೊದಲ ಸ್ವರಕ್ಕೆ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಬರುವ ದಾರಿಗೆ ಮಾತ್ರ ನಾನು ಮತ್ತೆ ರೇನ್‌ಬೋಗೇ ಮನಸ್ಸು ಕೊಟ್ಟಿದ್ದೇನೆ. ಮೇ ತಿಂಗಳಲ್ಲಿ ಭಾನುವಾರ ರಾತ್ರಿ ಹತ್ತರ ಮೇಲೆ ಬಂದೆವು. ಮುಂದೆ ಆರೇಳು ಕಾರು. ಕೆನಡಾಕ್ಕೆ ಹೋಗುವಾಗ ಜಲಪಾತ ಎಡಗಡೆ, ಅಂದರೆ ಡ್ರೈವ್ ಮಾಡುವವರ ಕಡೆ, ಅದೂ ಎದುರು ಸಾಲಿನ ಕಾರುಗಳ ಆಚೆ. ಅವರಿಗೋ ರಸ್ತೆ ಬಿಟ್ಟು ನೋಡುವ ಹಾಗಿಲ್ಲ. ವಾಪಸ್ ಬರುವಾಗ ನಮ್ಮ ಲೇನೇ ಜಲಪಾತದ ಕಡೆಗಿರುತ್ತದೆ, ಪಕ್ಕದ ಸೀಟಿನ ಕಿಟಕಿಗೆ ಸರಿಯಾಗಿ. ದೀಪ ಬಿಟ್ಟಿದ್ದರು. ನೀರು ಮೊದಲು ನೀಲಿ, ಆಮೇಲೆ ಕೆಂಪು. ಗಾಜು ಇಳಿಸಿದೆ, ತಣ್ಣನೆ ಹನಿ ಕೈಗೆ ಬಿತ್ತು. ಇವರು ಹಿಂದಿನ ರಾತ್ರಿ ಕೇಳಿದ ಬಂದಿಶ್ ಗುನುಗುತ್ತಾ ಕಾರನ್ನು ಒಂದೊಂದೇ ಅಡಿ ಮುಂದೆ ಬಿಡುತ್ತಿದ್ದರು.

"ರೀ, ನಿಧಾನ," ಅಂದೆ.

"ನಿಧಾನವಾಗೇ ಹೋಗ್ತಿದ್ದೀನಿ, ನೋಡ್ಕೋ," ಅಂದರು.