ಹಳೇ ರೇವಾಗೆ ಹೊಸ ಮೋಟಾರು, ವೈರಿಂಗ್, ಲಿಥಿಯಂ ಬ್ಯಾಟರಿ: ಎರಡು ಮಳೆಗಾಲ ಓಡಿಸಿದ ಮೇಲೆ

ಹಳೇ ಎಲೆಕ್ಟ್ರಿಕ್ ಕಾರಿಗೆ ದುಡ್ಡು ಹಾಕಬೇಕು ಅಂತಿದ್ದೀರಾ? ಬ್ಯಾಟರಿ ರೇಟು ಕೇಳುವ ಮುಂಚೆ ಸೀಟು ಎತ್ತಿ ವೈರಿಂಗ್ ನೋಡಿ.

ರೇವಾ ಗೊತ್ತಲ್ಲ, ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಬಂದ ಪುಟ್ಟ ಕಾರು. ನಮ್ಮದು ಹಳೇ ಡಿಸಿ ಮೋಟಾರಿನದು. ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಅವಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವುದೇ ಒಂದು ಕೆಲಸ. ಕೊನೆಕೊನೆಗೆ ಶಿವಮೊಗ್ಗದ ವಿನೋಬನಗರದಿಂದ ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಚಾರ್ಜ್ ಖಾಲಿ. ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಹೋಗುವ ಮಾತೇ ಇರಲಿಲ್ಲ.

ಈಗ ಇರುವುದು 16 ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್, 51.2 ವೋಲ್ಟ್. ತೂಕ ಮೊದಲಿನದರ ಅರ್ಧವೂ ಇಲ್ಲ. ಹಾಗಾಗಿ ಹಂಪ್ ಬಂದರೆ ಕಾರು ಸ್ವಲ್ಪ ಜಾಸ್ತಿನೇ ಕುಣಿಯುತ್ತದೆ. ಮಂಡಗದ್ದೆ ದಾಟಿ ತೀರ್ಥಹಳ್ಳಿ ಮುಟ್ಟುತ್ತೇವೆ. ಅಲ್ಲಿ ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ ವಾಪಸ್. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಇನ್ನೊಂದು ದಿನ ಅಲ್ಲೇ.

ವೈರಿಂಗ್ ವಿಷಯಕ್ಕೆ ಬರುತ್ತೇನೆ. ವೋಲ್ಟೇಜ್ ಕಡಿಮೆ ಇರುವ ಕಾರಿನಲ್ಲಿ ಆಂಪಿಯರ್ ವಿಪರೀತ. ಏರು ಹತ್ತುವಾಗ 200 ದಾಟುವುದು ಮಾಮೂಲಿ. ಒಂದು ಜಾಯಿಂಟಿನಲ್ಲಿ ಒಂದೇ ಒಂದು ಮಿಲಿಓಮ್ ಪ್ರತಿರೋಧ ಇದ್ದರೂ 200 ಆಂಪಿಯರಿಗೆ 40 ವ್ಯಾಟ್ ಶಾಖ. ಸೀಟಿನ ಕೆಳಗೆ ಸೋಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ. ನಮ್ಮ ಕಾರಿನ ಹಳೇ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿ) ಬಿಚ್ಚಿದಾಗ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಇನ್ಸುಲೇಷನ್ ಕಂದಾಗಿ ಗರಿಗರಿ. ಮಲೆನಾಡಿನ ತೇವಕ್ಕೆ ಇದು ಆಗುವಂಥದ್ದೇ.

ಹೊಸ ಕೇಬಲ್ ಹಾಕಿಕೊಟ್ಟ ಗ್ಯಾರೇಜಿನವರು ಲಗ್‌ಗಳನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದರು. ವಾರದೊಳಗೆ ಒಂದು ಲಗ್ ಕೈ ಇಡಲಾಗದಷ್ಟು ಬಿಸಿ. ಲಗ್ಗನ್ನು ಕೇಬಲ್ಲಿಗೆ ಬಿಗಿಯಾಗಿ ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇದ್ದ ಇನ್ನೊಬ್ಬರ ಹತ್ತಿರ ಎಲ್ಲವನ್ನೂ ಮತ್ತೆ ಮಾಡಿಸಿದೆ. 70 ಚದರ ಮಿಲಿಮೀಟರ್ ತಾಮ್ರದ ಕೇಬಲ್, ತವರ ಲೇಪದ ಲಗ್, ಮೇಲೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ಬ್ಯಾಟರಿ ಪಕ್ಕದಲ್ಲೇ ಡಿಸಿ ಫ್ಯೂಸ್. ಅವತ್ತಿನಿಂದ ಬಿಸಿಯ ಸುದ್ದಿಯೇ ಇಲ್ಲ. ಇಲಿ ಕಾಟ ಮಾತ್ರ ಇದ್ದೇ ಇದೆ, ಅಡಿಕೆ ಮನೆ ಪಕ್ಕ ನಿಲ್ಲಿಸಿದರೆ ಇನ್ನೇನಾಗುತ್ತೆ!

ಹಳೇ ಚಾರ್ಜರನ್ನೇ ಇಟ್ಟುಕೊಳ್ಳಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಲೆಡ್ ಆಸಿಡ್‌ಗೆ ಹೊಂದಿಸಿದ್ದು. ಈ 16 ಸೆಲ್‌ಗೆ 58.4 ವೋಲ್ಟೇ ಗರಿಷ್ಠ, ಹಳೇ ಚಾರ್ಜರ್ ಅದನ್ನು ದಾಟಬಹುದು. ಬಿಎಂಎಸ್, ಅಂದರೆ ಸೆಲ್‌ಗಳ ಮೇಲೆ ಕಣ್ಣಿಟ್ಟು ಅಪಾಯ ಕಂಡರೆ ಕರೆಂಟು ಕಡಿಯುವ ಸರ್ಕ್ಯೂಟ್, ಇಲ್ಲದೆ ಲಿಥಿಯಂ ಮುಟ್ಟಲೇಬೇಡಿ.

ಎಸಿ ಮೋಟಾರು, ಅದಕ್ಕೆ ಹೊಂದುವ ಕಂಟ್ರೋಲರ್ ಹಾಕಿಸಿದ್ದು ಕೊನೆಗೆ. ಹಳೇ ಡಿಸಿ ಮೋಟಾರಿನ ಹಾಗೆ ಬ್ರಷ್ ಸವೆಯುವ ರಗಳೆ ಇಲ್ಲ, ಏರಿನಲ್ಲಿ ಎಳೆತ ಚೆನ್ನಾಗಿದೆ. ಆದರೆ ಊರೊಳಗೆ ಮಾತ್ರ ಓಡಿಸುವವರಿಗೆ ಇದು ಸುಮ್ನೆ ಖರ್ಚು. ಹಳೇ ಮೋಟಾರೇ ಸಾಕು.

ತೋಟದ ಮನೆ ಇರುವುದು ಗುಡ್ಡದ ಮೇಲೆ. ಅಲ್ಲಿ ಪೂರ್ತಿ ಚಾರ್ಜ್ ಮಾಡಿ ಇಳಿದರೆ ರೀಜನರೇಷನ್ನಿನ (ಇಳಿಜಾರಿನಲ್ಲಿ, ಬ್ರೇಕ್ ಹಿಡಿದಾಗ ಮೋಟಾರೇ ಉತ್ಪಾದಿಸುವ) ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ವೋಲ್ಟೇಜ್ ಏರಿ ಬಿಎಂಎಸ್ ಕಟ್ ಮಾಡಿಬಿಡಬಹುದು. ಅದಕ್ಕೇ ಅಲ್ಲಿ ನೂರಕ್ಕೆ ತೊಂಬತ್ತು ಭಾಗ ಆಗುತ್ತಿದ್ದಂತೆ ಪ್ಲಗ್ ಕೀಳುತ್ತೇವೆ.

ಈ ದುಡ್ಡಿಗೆ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಮಾರುತಿ ಬರ್ತಿತ್ತು ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ, ಸುಳ್ಳಲ್ಲ. ಇನ್ನೊಂದು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪ ಬದಲಾಯಿಸಲು ನಿರ್ಬಂಧ ಇದೆ. ಕೈ ಹಾಕುವ ಮುಂಚೆಯೇ ಆರ್‌ಟಿಒ ಆಫೀಸಿನಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿಕೊಳ್ಳಿ.